ನಮ್ಮ ಹೊಲದ ನೀಲಗಿರಿ

ನೀಲಗಿರಿ ಹೂವಿಗೆ ಎಸಳಿಲ್ಲ. ಮೊಗ್ಗಿನ ತಲೆಗೆ ಚೂಪಾದ ಟೋಪಿಯೊಂದಿರುತ್ತದೆ. ಅರಳುವ ಹೊತ್ತಿಗೆ ಅದು ಕಳಚಿ ಬಿದ್ದು, ಒಳಗೆ ಮಡಚಿಕೊಂಡಿದ್ದ ಬಿಳಿ ಕೇಸರಗಳು ಸುತ್ತಲೂ ಬಿಚ್ಚಿಕೊಳ್ಳುತ್ತವೆ. ಹೂವೆಂದರೆ ಅಷ್ಟೇ, ಬರೀ ಕೇಸರ. ಕೋಲಾರ ಸೀಮೆಯಲ್ಲಿ ಬೆಳೆದ ನನ್ನ ವಾರಗೆಯವರು ಆ ಟೋಪಿಗಳನ್ನು ಲಂಗದ ಮಡಿಲು ತುಂಬ ಆಯ್ದವರು. ಮನೆಯಾಟದಲ್ಲಿ ಅವೇ ನಮ್ಮ ಅಕ್ಕಿ, ಅವೇ ಬೇಳೆ. ಕಾಯಿ ಬಲಿತು ಒಣಗಿದ ಮೇಲೆ ಸಣ್ಣ ಬಟ್ಟಲಿನ ಹಾಗೆ ಗಟ್ಟಿಯಾಗುತ್ತಿತ್ತು. ತೊಟ್ಟು ಹಿಡಿದು ತಿರುವಿದರೆ ಬುಗುರಿ, ದಾರಕ್ಕೆ ಪೋಣಿಸಿದರೆ ಸರ. ಅದರೊಳಗಿಂದ ಉದುರುವ ಬೀಜ ರಾಗಿ ಕಾಳಿಗಿಂತಲೂ ಸಣ್ಣದು. ಅಷ್ಟು ಸಣ್ಣ ಬೀಜದಿಂದ ಏಳೆಂಟು ವರ್ಷಕ್ಕೆ ತೆಂಗಿನ ಮರವನ್ನೂ ಮೀರಿ ಏಳುವ ಮರ ಅದು.

ಈಗ ನಮ್ಮ ಕಡೆ ಈ ಮರವನ್ನು ಒಳ್ಳೆಯ ಮಾತಿನಲ್ಲಿ ನೆನೆಯುವವರು ಸಿಗುವುದಿಲ್ಲ. ಬಯ್ಯಲು ಕಾರಣಗಳಿವೆ, ಅವನ್ನೂ ಬರೆಯುತ್ತೇನೆ. ಆದರೆ ಇದರ ಸೌದೆಯಲ್ಲಿ ಬೆಂದ ಮುದ್ದೆ ತಿಂದು, ಇದನ್ನು ಕಡಿದು ಬಂದ ದುಡ್ಡಿನಲ್ಲಿ ಕಾಲೇಜು ಓದಿದವಳು ನಾನು. ಅದನ್ನು ಹೇಳದೆ ಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ನಮ್ಮದು ಮಾಲೂರು ತಾಲ್ಲೂಕಿನ ಒಂದು ಊರು. ಕೆಂಪು ಮಣ್ಣು, ಬೆದ್ದಲು ಭೂಮಿ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಬೆದ್ದಲಿನಲ್ಲಿ ರಾಗಿ ಒಂದನ್ನೇ ಬಿತ್ತುತ್ತಿರಲಿಲ್ಲ. ಇಷ್ಟು ಸಾಲಿಗೊಂದು ಅಕ್ಕಡಿ ಸಾಲು ಎಂದು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುತ್ತಿದ್ದರು. ಕಾರ್ತೀಕದಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಹೊಲಕ್ಕೆ ಹಳದಿ ಅಂಚು ಬರುತ್ತಿತ್ತು. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತಿತ್ತು. ಧನುರ್ಮಾಸದ ಇಬ್ಬನಿಗೆ ಸೊಗಡು ಕಟ್ಟಿದ ಕಾಯಿ. ನಮ್ಮ ಮನೆಯ ಸಾರು, ಹುಳಿ, ಒಗ್ಗರಣೆಗೆ ಬೇಕಾದದ್ದು ಮುಕ್ಕಾಲು ಪಾಲು ಆ ಒಂದು ಹೊಲದಲ್ಲೇ ಇತ್ತು.

ಆ ಹೊಲಕ್ಕೆ ಅಪ್ಪ ನೀಲಗಿರಿ ನೆಟ್ಟರು. ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಆಗಲೇ ತೋಪುಗಳು ಎದ್ದಿದ್ದವು. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ರಾಜ್ಯದಲ್ಲಿ 1983ರಲ್ಲಿ ಶುರುವಾದರೂ ಕೋಲಾರದ ರೈತರು ಅದಕ್ಕೂ ಮೊದಲೇ ನೀಲಗಿರಿಯ ಕಡೆ ತಿರುಗಿದ್ದರು. ಯಾಕೆ ತಿರುಗಿದರು ಎಂಬುದಕ್ಕೆ ನಮ್ಮ ಮನೆಯ ಕಥೆಯಲ್ಲೇ ಉತ್ತರವಿದೆ. ಅಪ್ಪ ಪಕ್ಕದ ಹೋಬಳಿಯಲ್ಲಿ ಮೇಷ್ಟರಾಗಿದ್ದರು. ಚಿಕ್ಕಪ್ಪ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಸೇರಿ ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತಿದ್ದರು. ತಾತನಿಗೆ ನೇಗಿಲು ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಹೊಲವನ್ನು ವಾರಕ್ಕೆ ಕೊಡೋಣವೆಂದರೆ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಗೇಣಿಗೆ ಕೊಡುವುದೆಂದರೆ ಎಲ್ಲರಿಗೂ ಭಯ. ಬೀಳು ಬಿಟ್ಟರೆ ಊರಿನ ಬಾಯಿಗೆ ಆಹಾರ. ನೀಲಗಿರಿಯಾದರೆ ಉಳಬೇಕಿಲ್ಲ, ಕಳೆ ತೆಗೆಯಬೇಕಿಲ್ಲ, ಬೇಲಿಯೂ ಬೇಡ, ಏಕೆಂದರೆ ದನ ಮೇಕೆ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಮೊದಲ ವರ್ಷ ಸಾಲುಗಳ ನಡುವೆ ಹುರುಳಿ ಚೆಲ್ಲಿದರು. ಆಮೇಲೆ ಆ ಹೊಲದ ಕಡೆ ಯಾರೂ ಹೋಗಬೇಕಾಗಿರಲಿಲ್ಲ.

ಹೊಲ ಬಿಟ್ಟು ಹೊರಡುತ್ತಿದ್ದ ತಲೆಮಾರಿಗೆ ತಕ್ಕ ಬೆಳೆ ಅದು. ಕೋಲಾರದ ನೀಲಗಿರಿಯ ಬಗ್ಗೆ ನಾನು ಏನೇ ಓದಿದರೂ ಈ ಮಾತು ನನ್ನ ಮನಸ್ಸಿನಿಂದ ಕದಲಿಲ್ಲ. ಮರ ಬಂದದ್ದರಿಂದ ಬೇಸಾಯ ಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೇಸಾಯ ಮೊದಲು ಹೋಗಿತ್ತು, ಖಾಲಿ ಜಾಗಕ್ಕೆ ಮರ ಬಂತು.

ಆದರೆ ಆ ಜಾಗ ಎಲ್ಲರಿಗೂ ಖಾಲಿಯಾಗಿರಲಿಲ್ಲ. ನಮ್ಮ ಹೊಲಕ್ಕೆ ಕಳೆ ಕೀಳಲು, ರಾಗಿ ಕೊಯ್ಯಲು, ಕಣ ಮಾಡಲು ಬರುತ್ತಿದ್ದ ಹೆಂಗಸರ ಗುಂಪೊಂದಿತ್ತು. ಅವರಲ್ಲಿ ಹಿರಿಯಳಾದ ಒಬ್ಬಾಕೆಯನ್ನು ನಾವು ದೊಡ್ಡಕ್ಕ ಎನ್ನುತ್ತಿದ್ದೆವು. ಸಸಿ ನೆಟ್ಟ ದಿನ ಅಜ್ಜಿಯ ಹತ್ತಿರ ಬಂದು ಜಗಲಿಯ ಕೆಳಗೆ ನಿಂತು ಕೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ: "ಕುಂಟೆ ಹೊಡ್ಯಂಗಿಲ್ಲ, ಕಳೆ ಕೀಳಂಗಿಲ್ಲ, ಕೊಯ್ಲಿಲ್ಲ. ನಾವ್ ಎಲ್ ಹೋಗ್ಬೇಕು ಹೇಳ್ ಅಮ್ಮಣ್ಣಿ?" ಅಜ್ಜಿ ಒಂದು ಮೊರ ರಾಗಿ ತಂದು ಅವಳ ಸೆರಗಿಗೆ ಸುರಿದಳು. ಅದು ಉತ್ತರವಾಗಿರಲಿಲ್ಲ. ದೊಡ್ಡಕ್ಕನ ಮಕ್ಕಳು ಮುಂದಿನ ವರ್ಷಗಳಲ್ಲಿ ಇಟ್ಟಿಗೆ ಗೂಡಿಗೆ ಸೇರಿದರು.

ಅವಳು ಕೇಳಿದ ಪ್ರಶ್ನೆಯನ್ನು ಓದಿದವರೂ ಕೇಳಿದ್ದರು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಮೂವರೂ ಸೇರಿ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಪರಿಣಾಮಗಳನ್ನು ಅಧ್ಯಯನ ಮಾಡಿ, ಬೆಂಗಳೂರಿನ ಐಐಎಂನಿಂದ 1981ರಲ್ಲೇ ವರದಿ ತಂದಿದ್ದರು. ರಾಗಿ ಬೆಳೆಯುವ ನೆಲ ಕಡಿಮೆಯಾಗುತ್ತಿದೆ, ಕೂಲಿಯವರ ಕೆಲಸ ಹೋಗುತ್ತಿದೆ ಎಂಬುದು ಅದರ ತಿರುಳು. 1983ರಲ್ಲಿ ತುಮಕೂರು ಕಡೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಧಾರವಾಡ ಜಿಲ್ಲೆಯಲ್ಲಿ ಊರೊಟ್ಟಿನ ಗೋಮಾಳವನ್ನು ಸರ್ಕಾರ ಮತ್ತು ಖಾಸಗಿ ಕಾರ್ಖಾನೆ ಕೂಡಿ ಮಾಡಿದ ಕಂಪನಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು ತಮಗೆ ಬೇಕಾದ ಮರದ ಸಸಿ ಹಚ್ಚಿದರು. ನಮ್ಮ ಊರಿನಲ್ಲಿ ಅಂಥದ್ದು ಆಗಲಿಲ್ಲ. ನಮ್ಮಲ್ಲಿ ನೆಟ್ಟವರು ತಮ್ಮ ಸ್ವಂತ ಹೊಲಕ್ಕೆ ನೆಟ್ಟಿದ್ದರು. ಕಳೆದುಕೊಂಡವರಿಗೆ ಸ್ವಂತ ಹೊಲವೇ ಇರಲಿಲ್ಲ.

ನಮ್ಮ ತೋಪಿನ ಮರ ಯಾವುದು ಎಂಬುದನ್ನೂ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಯೂಕಲಿಪ್ಟಸ್ಸಿನ ಏಳುನೂರು ಚಿಲ್ಲರೆ ಜಾತಿಗಳಿವೆ. ನಮ್ಮ ಬಯಲಿನಲ್ಲಿ ಬೆಳೆದದ್ದು ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಅರಣ್ಯ ಇಲಾಖೆಯವರು ಇದನ್ನು ಮೈಸೂರು ಗಮ್ ಎಂದು ಕರೆದು ದೇಶದ ತುಂಬ ಹಂಚಿದರು. ಇದರ ತವರು ನಂದಿಬೆಟ್ಟ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಆಸ್ಟ್ರೇಲಿಯಾದ ಬೀಜ ತರಿಸಿ ಅಲ್ಲಿನ ತೋಟದಲ್ಲಿ ಹಾಕಿಸಿದನೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಬೆಟ್ಟದ ಮೇಲೆ ಬೇರೆ ಬೇರೆ ಜಾತಿಯ ಮರಗಳು ಒತ್ತೊತ್ತಾಗಿ ಇದ್ದುದರಿಂದ ಪರಾಗ ಬೆರೆತು ಹುಟ್ಟಿದ ಬೀಜ ಇದು ಎಂದು ನಂಬಿ ಮೈಸೂರು ಹೈಬ್ರಿಡ್ ಎಂಬ ಹೆಸರೂ ಬಂತು. ನಂದಿಬೆಟ್ಟ ಆಗ ನಮ್ಮ ಜಿಲ್ಲೆಯದೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಸ್ಕೂಲಿನಿಂದ ಅಲ್ಲಿಗೆ ಕರೆದುಕೊಂಡು ಹೋದಾಗ ಮಂಜಿನಲ್ಲಿ ನಿಂತ ದೈತ್ಯ ಬೊಡ್ಡೆಗಳನ್ನು ನೋಡಿ, ನಮ್ಮ ಹೊಲದಲ್ಲಿ ತೊಡೆ ಗಾತ್ರಕ್ಕೆ ಬರುವಷ್ಟರಲ್ಲಿ ಕಡಿಸಿಕೊಳ್ಳುವ ಮರ ಇದೇ ಎಂದು ನಂಬಲಾಗಲಿಲ್ಲ. ಮೈಸೂರು ಸೀಮೆಯಲ್ಲಿ ಇಷ್ಟು ಹಳೆಯ ಬೇರಿರುವ ಮರವನ್ನು ಪರದೇಶಿ ಎಂದು ಮಾತ್ರ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ತೋಪು ಬೆಳೆದ ಮೇಲೆ ಅಜ್ಜಿಯ ಬದುಕಿಗೆ ಅದು ಹೇಗೆ ಹೊಂದಿಕೊಂಡಿತು ಎಂಬುದು ಯಾವ ವರದಿಯಲ್ಲೂ ಇರಲಿಲ್ಲ. ನಮ್ಮ ಊರಿನ ಹೆಂಗಸರಿಗೆ ನೀಲಗಿರಿ ಎಂದರೆ ಮೊದಲು ತರಗು. ಮರ ವರ್ಷವಿಡೀ ಎಲೆ ಉದುರಿಸುತ್ತದೆ, ಬೇಸಿಗೆಯಲ್ಲಿ ಹೆಚ್ಚು. ಬೆಳಗಿನ ಜಾವ ಇಬ್ಬನಿ ಆರುವ ಮೊದಲೇ ಅಜ್ಜಿ ಕಡ್ಡಿ ಪೊರಕೆ, ಮಂಕರಿ, ಹಳೆಯ ಸೀರೆ ಹಿಡಿದು ಹೊರಡುತ್ತಿದ್ದಳು, ಹಿಂದೆ ನಾನು. ಒದ್ದೆ ಎಲೆ ಮುರಿಯುವುದಿಲ್ಲ, ಒತ್ತಿದರೆ ಒತ್ತಾಗಿ ಕೂರುತ್ತದೆ. ಬಿಸಿಲೇರಿದರೆ ಪುಡಿಯಾಗಿ ಪೊರಕೆಗೆ ಸಿಗುವುದಿಲ್ಲ. ಸೀರೆ ಹಾಸಿ ಅದರ ಮೇಲೆ ಗುಡ್ಡೆ ಹಾಕಿ, ಕಾಲಲ್ಲಿ ತುಳಿದು ಗಂಟು ಕಟ್ಟಿ ತಲೆಗೆ ಹೊರಿಸುತ್ತಿದ್ದಳು. ಭಾರವೇ ಇರುತ್ತಿರಲಿಲ್ಲ, ಗಾತ್ರ ಮಾತ್ರ ನನಗಿಂತ ದೊಡ್ಡದು. ಗಾಳಿ ಬಂದರೆ ದಾರಿಯಲ್ಲಿ ನಾನೇ ತೂರಾಡುತ್ತಿದ್ದೆ.

ತರಗಿನ ಉರಿ ಬೇರೆ ಥರ. ಎಲೆಯಲ್ಲಿ ಎಣ್ಣೆಯಂಶ ಇರುವುದರಿಂದ ಚಟಚಟ ಎಂದು ಧಗ್ಗನೆ ಹತ್ತಿ, ಅಷ್ಟೇ ಬೇಗ ಆರುತ್ತದೆ. ಒಲೆಯ ಮುಂದೆ ಒಬ್ಬರು ಕೂತೇ ಇರಬೇಕು, ಹಿಡಿ ಹಿಡಿಯಾಗಿ ತುರುಕುತ್ತಲೇ ಇರಬೇಕು. ಹಂಡೆ ನೀರು ಕಾಯಿಸಲು, ರಾಗಿ ಅಂಬಲಿ ಕುದಿಸಲು ಸಾಕು. ಮುದ್ದೆಗೆ ಆಗುವುದಿಲ್ಲ. ಎಸರು ಕುದಿದು ಹಿಟ್ಟು ಹಾಕಿದ ಮೇಲೆ ಒಂದೇ ಸಮನೆ ಕಾವು ಬೇಕು, ಅದಕ್ಕೆ ಕಟ್ಟಿಗೆ ಇಡುತ್ತಿದ್ದರು. ಹೊಗೆ ಕಣ್ಣಿಗೆ ಚುರುಗುಟ್ಟುತ್ತಿತ್ತು. ಪಾತ್ರೆಯ ತಳಕ್ಕೆ ಅಂಟಿದ ಮಸಿ ಹುಣಸೆ ಹಣ್ಣು, ಬೂದಿ ಎರಡಕ್ಕೂ ಜಗ್ಗುತ್ತಿರಲಿಲ್ಲ. ಆದರೂ ಅಜ್ಜಿ ಇದರಿಂದ ಒಂದು ಉಪಕಾರ ಕಂಡಿದ್ದಳು: ಸಗಣಿ ಬೆರಣಿಯಾಗುವುದು ಕಡಿಮೆಯಾಗಿ ತಿಪ್ಪೆಗೆ ಹೋಯಿತು. "ಹೊಲ ತಿಂದ್ರೂ ಗದ್ದೆಗೆ ಗೊಬ್ಬರ ಉಳಿಸ್ತು" ಎನ್ನುತ್ತಿದ್ದಳು. ನಮ್ಮ ತೋಪಿನಲ್ಲಿ ತರಗು ಗುಡಿಸಲು ದೊಡ್ಡಕ್ಕನ ಮನೆಯವರಿಗೂ ಅವಳು ಬಿಟ್ಟಿದ್ದಳು. ಎಷ್ಟೋ ತೋಪುಗಳಲ್ಲಿ ಅದಕ್ಕೂ ಕಾವಲುಗಾರರಿದ್ದರು.

ಗುಡಿಸಿದ್ದರ ಬೆಲೆ ನೆಲ ತೆತ್ತಿತು. ಎಲೆ ಕೊಳೆತು ಮಣ್ಣಿಗೆ ಸೇರಬೇಕಾದದ್ದು ಒಲೆಗೆ ಸೇರಿತು. ಹೊಂಗೆ ಮರದ ಕೆಳಗಿನ ಮಣ್ಣು ಕೈಯಲ್ಲಿ ಹಿಡಿದರೆ ಮೆತ್ತಗಿರುತ್ತದೆ. ನಮ್ಮ ತೋಪಿನ ನೆಲ ಸಿಮೆಂಟು ಬಳಿದಂತೆ ಗಟ್ಟಿಯಾಯಿತು. ಮಳೆ ನೀರು ಇಂಗದೆ ಹರಿದು ಹೋಗುತ್ತಿತ್ತು. ಇದರಲ್ಲಿ ಮರದ ಪಾಲೆಷ್ಟು, ನಮ್ಮ ಪೊರಕೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಪೊರಕೆ ಹಿಡಿದವರಿಗೆ ಬೇರೆ ಸೌದೆಯ ದಾರಿಯಿರಲಿಲ್ಲ ಎಂಬುದಂತೂ ನಿಜ.

ಮೊದಲ ಕಡಿತ ನಾನು ಹೈಸ್ಕೂಲಿನಲ್ಲಿದ್ದಾಗ. ತೋಪು ಗುತ್ತಿಗೆ ಹಿಡಿದವರು ಬಂದು ಮರಗಳ ಸುತ್ತಳತೆ ನೋಡಿ, ನಿಂತ ತೋಪಿಗೇ ಬೆಲೆ ಕಟ್ಟಿದರು. ಕಡಿಯುವ ಕೂಲಿಯವರು ಸಂಸಾರ ಸಮೇತ ಬಂದು ತೋಪಿನ ಅಂಚಿನಲ್ಲೇ ಗುಡಿಸಲು ಹಾಕಿಕೊಂಡರು. ಗಂಡಸರು ಕೊಡಲಿಯಿಂದ ನೆಲಮಟ್ಟಕ್ಕೆ ಓರೆಯಾಗಿ ಕಡಿಯುತ್ತಿದ್ದರು. ಓರೆ ಯಾಕೆಂದರೆ ಕೂಳೆಯ ಮೇಲೆ ಮಳೆನೀರು ನಿಂತರೆ ಕೊಳೆಯುತ್ತದೆ. ಹೆಂಗಸರು ಹಸಿ ತೊಗಟೆ ಸುಲಿಯುತ್ತಿದ್ದರು. ಕಡಿದ ದಿನವೇ ಸುಲಿದರೆ ಉದ್ದುದ್ದಕ್ಕೆ ಪಟ್ಟೆಯಾಗಿ ಬರುತ್ತದೆ, ಒಣಗಿದರೆ ಹಿಡಿದುಕೊಳ್ಳುತ್ತದೆ. ಸುಲಿದ ಬೊಡ್ಡೆ ನುಣುಪಾಗಿ, ಒದ್ದೆಯಾಗಿ, ಕೆನೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ವಾರಗಳಲ್ಲಿ ಊರಿಗೆ ಊರೇ ಆ ವಾಸನೆ.

ಗಾತ್ರ ನೋಡಿ ಮರ ಬೇರೆ ಬೇರೆ ದಾರಿ ಹಿಡಿಯಿತು. ದಪ್ಪನೆಯದು, ತೊಗಟೆ ಸುಲಿದದ್ದು, ಲಾರಿಯೇರಿ ಕಾಗದ ಮತ್ತು ರೇಯಾನ್ ತಿರುಳಿನ ಕಾರ್ಖಾನೆಗಳಿಗೆ. ಭದ್ರಾವತಿ, ಹರಿಹರದ ಕಡೆಯ ಕಾರ್ಖಾನೆಗಳು ಈ ಮರವನ್ನು ಅರೆದೇ ಬದುಕಿದವು. ಇದರ ನಾರು ಗಿಡ್ಡ, ಬರೆಯುವ ಕಾಗದಕ್ಕೆ ನುಣುಪು ಕೊಡುತ್ತದೆ. ನೇರವಾದ ಗಳ ಬೆಂಗಳೂರಿಗೆ. ಆ ಊರಿನಲ್ಲಿ ತೊಂಬತ್ತರ ದಶಕದಲ್ಲಿ ಎದ್ದ ಅದೆಷ್ಟು ಕಟ್ಟಡಗಳ ಆರ್‌ಸಿಸಿ ಸೂರು ಒಣಗುವವರೆಗೆ ನಮ್ಮ ಸೀಮೆಯ ನೀಲಗಿರಿ ಗಳದ ಮೇಲೆ ನಿಂತಿತ್ತೋ. ಸೊಟ್ಟ ಪಟ್ಟ, ರೆಂಬೆ, ತುದಿ ಎಲ್ಲ ಸೌದೆ. ಮಾಲೂರಿನ ಹೆಂಚಿನ ಭಟ್ಟಿಗೆ, ಇಟ್ಟಿಗೆ ಗೂಡಿಗೆ, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸುವ ಒಲೆಗೆ. ನಮ್ಮ ಮನೆಯ ದನದ ಕೊಟ್ಟಿಗೆಯ ಜಂತೆಗಳಿಗೂ ಒಂದಿಷ್ಟು ಉಳಿಸಿಕೊಂಡರು. ಬಾಗಿಲು, ಕಿಟಕಿಗೆ ಮಾತ್ರ ನಮ್ಮ ಬಡಗಿ ಒಪ್ಪಲಿಲ್ಲ. "ಹಸೀಲಿ ನೆಟ್ಟಗಿರ್ತದೆ, ಒಣಗ್ತಾ ಒಣಗ್ತಾ ತಿರುಚ್ಕೊಂಡು ತುದೀಲಿ ಸೀಳ್ತದೆ" ಎಂದ. ಬೇಗ ಬೆಳೆದ ಮರದ ಒಳಗೆ ಬಿಗಿತ ಇರುತ್ತದೆ, ಕಡಿದ ಕೂಡಲೇ ಅದು ಸಡಿಲಗೊಂಡು ಸೀಳು ಬಿಡುತ್ತದೆ ಎಂದು ಮುಂದೆ ಓದಿದಾಗ ಬಡಗಿಯ ಮಾತು ನೆನಪಾಯಿತು.

ಆ ದುಡ್ಡಿನಲ್ಲಿ ಅಕ್ಕನ ಮದುವೆಯಾಯಿತು. ಮಿಕ್ಕದ್ದನ್ನು ಅಪ್ಪ ನನ್ನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಟ್ಟರು. ಕೋಲಾರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಿಯುಸಿ ಓದುವ ಹುಡುಗಿಯರು ಆಗ ನಮ್ಮ ಊರಿನಲ್ಲಿ ಇರಲಿಲ್ಲ. ರಾಗಿಯಿಂದ ಊಟ ಬರುತ್ತಿತ್ತು. ಒಟ್ಟಿಗೆ ಕೈಗೆ ದುಡ್ಡು ಬರುತ್ತಿರಲಿಲ್ಲ. ಕಡಿದ ಬೊಡ್ಡೆಗಳಿಂದ ಮುಂಗಾರಿಗೆ ಚಿಗುರು ಬುಸುಬುಸು ಎದ್ದಿತು. ಅದರಲ್ಲಿ ಎರಡು ಮೂರು ಬಿಟ್ಟು ಮಿಕ್ಕದ್ದನ್ನು ಸವರಿದರೆ ಮತ್ತೆ ಏಳೆಂಟು ವರ್ಷಕ್ಕೆ ಎರಡನೆಯ ಬೆಳೆ, ನೆಡುವ ಖರ್ಚೂ ಇಲ್ಲ.

ಎಣ್ಣೆಯ ವಿಷಯ ನಮ್ಮ ಕಡೆಯದಲ್ಲ. ನೆಗಡಿಗೆ ಕರವಸ್ತ್ರಕ್ಕೆ ಹನಿಸಿಕೊಳ್ಳುವ ಎಣ್ಣೆ ಊಟಿಯ ನೀಲಿ ಗಮ್ ಮರದ್ದು, ಯೂಕಲಿಪ್ಟಸ್ ಗ್ಲೋಬ್ಯುಲಸ್. ಬ್ರಿಟಿಷರು 1843ರಲ್ಲಿ ಅದನ್ನು ನೀಲಗಿರಿ ಬೆಟ್ಟಕ್ಕೆ ತಂದರು. ಊಟಿ, ಕೂನೂರು, ವೆಲ್ಲಿಂಗ್ಟನ್ನಿನ ಚಳಿಗೆ ಸೌದೆ ಸಾಲದೆ ಶೋಲಾ ಕಾಡು ಕರಗುತ್ತಿದ್ದಾಗ 1856ರಿಂದ ಸಾಲು ಸಾಲಾಗಿ ನೆಡಿಸಿದರು. ಮದುವೆಯಾದ ಹೊಸತರಲ್ಲಿ ಊಟಿಗೆ ಹೋದಾಗ ರಸ್ತೆಯ ಕೆಳಗಿನ ಹಳ್ಳದ ಪಕ್ಕ ಎಣ್ಣೆ ಇಳಿಸುವ ಗುಡಿಸಲೊಂದನ್ನು ನೋಡಿದೆ. ದೊಡ್ಡ ಹಂಡೆಗೆ ಎಲೆ ತುಂಬಿ, ನೀರು ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿದ್ದರು. ಹಬೆ ಕೊಳವೆಯಲ್ಲಿ ಹಾದು ಹಳ್ಳದ ತಣ್ಣೀರಿನಲ್ಲಿ ಮುಳುಗಿ ಆಚೆ ಬರುವಷ್ಟರಲ್ಲಿ ನೀರಾಗಿ, ಅದರ ಮೇಲೆ ಎಣ್ಣೆ ತೇಲುತ್ತಿತ್ತು. ಹಂಡೆಯ ಕೆಳಗೆ ಉರಿಯುತ್ತಿದ್ದದ್ದು ಹಿಂದಿನ ಸಲ ಬೆಂದು ಒಣಗಿದ ಅದೇ ಎಲೆ. ಉರಿ ನೋಡಿಕೊಳ್ಳುತ್ತಿದ್ದ ಬಡಗ ಹೆಂಗಸಿನ ಮಾತು ನನಗೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿತ್ತು, ನನ್ನದು ಅವಳಿಗೆ. ಒಲೆಗೆ ಎಲೆ ತುರುಕುವ ಅವಳ ಕೈ ನೋಡುತ್ತಾ ಬಹಳ ಹೊತ್ತು ಕೂತೆ. ಅವಳ ಎಲೆಯಲ್ಲಿ ಸಿನಿಯೋಲ್ ಎಂಬ ಅಂಶ ತುಂಬಿರುತ್ತದೆ, ಔಷಧಿಯ ಎಣ್ಣೆಯಲ್ಲಿ ಅದು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇರಬಾರದು. ನಮ್ಮ ಟೆರೆಟಿಕಾರ್ನಿಸ್‌ನಲ್ಲಿ ಎಣ್ಣೆ ಕಡಿಮೆ. ಆದರೂ ನೆಗಡಿಯಾದರೆ ಅಜ್ಜಿ ನಮ್ಮ ತೋಪಿನ ಹಸಿ ಎಲೆಯನ್ನೇ ಕುದಿಯುವ ನೀರಿಗೆ ಹಾಕಿ ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದಳು, ಮೂಗು ಬಿಡುತ್ತಿತ್ತು.

ಇನ್ನು ನೀರಿನ ಮಾತು. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಜಗಳವೆಲ್ಲ ಇಲ್ಲೇ ಇದೆ.

ಎರಡನೆಯ ಬೆಳೆ ಏಳುವ ಹೊತ್ತಿಗೆ ಹೊಲದ ಮೂಲೆಯ ಕಲ್ಲುಕಟ್ಟಡದ ಬಾವಿ ಬತ್ತಿತು. ಆಮೇಲೆ ಊರಿನ ಬಾವಿಗಳೆಲ್ಲ ಒಂದೊಂದಾಗಿ. ಕೆರೆ ತುಂಬಿ ಕೋಡಿ ಬೀಳುವುದು ಅಪರೂಪವಾಯಿತು. ಬೋರ್‌ವೆಲ್ ಇನ್ನೂರು ಅಡಿಯಿಂದ ಶುರುವಾದದ್ದು ಸಾವಿರ ಅಡಿ ದಾಟಿತು. ಎಲ್ಲರ ಬೆರಳೂ ನೀಲಗಿರಿಯ ಕಡೆ.

ಎಂಬತ್ತರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಹೈಡ್ರಾಲಜಿಯವರು ಕರ್ನಾಟಕದ ಅರಣ್ಯ ಇಲಾಖೆ ಮತ್ತು ಮೈಸೂರು ಪೇಪರ್ ಮಿಲ್ಸ್ ಜೊತೆ ಸೇರಿ ಇದನ್ನೇ ಅಳೆದರು. ಶಿವಮೊಗ್ಗ ಕಡೆ ಎರಡು ಜಾಗ, ನಮಗೆ ನೆರೆಯದೇ ಆದ ಹೊಸಕೋಟೆ ಒಂದು. ನೆಲಕ್ಕೆ ಕೊಳವೆ ಇಳಿಸಿ ಮಣ್ಣಿನ ತೇವವನ್ನು ನ್ಯೂಟ್ರಾನ್ ಪ್ರೋಬಿನಿಂದ ನೋಡಿದರು. ಮರದ ಕಾಂಡಕ್ಕೆ ಡ್ಯುಟೀರಿಯಂ ಚುಚ್ಚಿ ಎಲೆಗಳಿಂದ ಅದು ಹೊರಬರುವ ವೇಗ ಅಳೆದರು. ಅವರ ಬರಹಗಳನ್ನು ನಾನು ಓದಿದ್ದು ಅಪ್ಪ ತೀರಿಕೊಂಡ ಮೇಲೆ. ಮಣ್ಣು ಅಷ್ಟು ಆಳವಿಲ್ಲದ ಶಿವಮೊಗ್ಗದ ಜಾಗದಲ್ಲಿ ನೀಲಗಿರಿ ಕುಡಿದ ನೀರು ಅಲ್ಲಿನ ನಾಡು ಮರಗಳ ಎಲೆಯುದುರು ಕಾಡು ಕುಡಿದದ್ದಕ್ಕಿಂತ ಹೆಚ್ಚಾಗಿರಲಿಲ್ಲ. ಎರಡೂ ಹೆಚ್ಚು ಕಡಿಮೆ ಬಿದ್ದ ಮಳೆಯಷ್ಟನ್ನೇ ಬಳಸಿದ್ದವು. ಆದರೆ ರಾಗಿ ಹೊಲ ಬಳಸುವ ನೀರು ಅದರ ಸುಮಾರು ಅರ್ಧ. ಮಣ್ಣು ಆಳವಾಗಿದ್ದ ಹೊಸಕೋಟೆಯಲ್ಲಿ ಮಾತ್ರ ಮರ ಬಿದ್ದ ಮಳೆಗಿಂತಲೂ ಹೆಚ್ಚು ಕುಡಿದಿತ್ತು. ಬೇರು ವರ್ಷ ವರ್ಷ ಹೊಸ ಆಳಕ್ಕೆ ಇಳಿಯುತ್ತಾ, ಹಿಂದಿನ ಎಷ್ಟೋ ಮಳೆಗಾಲಗಳು ಕೂಡಿಟ್ಟ ತೇವವನ್ನು ಹೀರಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಹೊಲ ಕಣ್ಣಿಗೆ ಕಟ್ಟಿತು. ರಾಗಿಯ ಕಾಲದಲ್ಲಿ ಬಿದ್ದ ಮಳೆಯ ಅರ್ಧ ಕೆಳಗೆ ಇಳಿಯಲೋ ಕೆರೆಗೆ ಹರಿಯಲೋ ಉಳಿಯುತ್ತಿತ್ತು. ಆ ಉಳಿತಾಯದ ಮೇಲೆ ಬಾವಿಗಳು ನಿಂತಿದ್ದವು. ಮರ ಬಂದ ಮೇಲೆ ಉಳಿತಾಯ ನಿಂತಿತು. ಅದೇ ಹೊತ್ತಿಗೆ ಬೋರ್‌ವೆಲ್ಲುಗಳು ಕೆಳಗಿನ ಬಂಡೆಯ ಬಿರುಕುಗಳಲ್ಲಿದ್ದ ಹಳೆಯ ಗಂಟಿಗೆ ಕೈ ಹಾಕಿದವು. ಸಾವಿರ ಅಡಿಯ ನೀರನ್ನು ಯಾವ ನೀಲಗಿರಿಯ ಬೇರೂ ಮುಟ್ಟಲಾರದು, ಅದನ್ನು ಖಾಲಿ ಮಾಡಿದ್ದು ಮೋಟರು. ಆದರೆ ಮೇಲಿನಿಂದ ತುಂಬಬೇಕಾದದ್ದನ್ನು ಮರ ತಡೆಯಿತು. ಒಂದು ಬರವನ್ನು ಮರ, ಇನ್ನೊಂದನ್ನು ಮೋಟರು ತಂದವು ಎಂದು ಬಿಡಿಸಿ ನೋಡಬೇಕಾದದ್ದನ್ನು ನಮ್ಮ ಜಿಲ್ಲೆ ಇಂದಿಗೂ ಒಟ್ಟಿಗೆ ಗಂಟು ಕಟ್ಟಿ ಮರದ ತಲೆಯ ಮೇಲೆ ಇಟ್ಟಿದೆ. ಮೋಟರಿನ ಬಗ್ಗೆ ನಾವು ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ.

ಮೂರನೆಯ ಬೆಳೆ ಸೊರಗಿತು. ಹೊಸ ಚಿಗುರಿನ ಎಲೆ ನರಗಳಲ್ಲಿ ಗಂಟು ಗಂಟಾಗಿ ಎಲೆ ಮುದುರಿಕೊಳ್ಳುತ್ತಿತ್ತು. ಆಸ್ಟ್ರೇಲಿಯಾದಿಂದಲೇ ಬಂದ ಒಂದು ಪುಟ್ಟ ಕಣಜ, ಲೆಪ್ಟೊಸಿಬೆ ಇನ್ವೇಸಾ, 2001ರಲ್ಲಿ ಮಂಡ್ಯ ಕಡೆ ಕಾಣಿಸಿಕೊಂಡು ದಕ್ಷಿಣದ ತೋಪುಗಳಿಗೆಲ್ಲ ಹರಡಿತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರುವರ್ಷ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು. ನೀರು ಬರುತ್ತದೆ ಎಂದಾಗ ಬೇಸಾಯದ ಆಸೆಯೂ ಚಿಗುರಿತು. ನನ್ನ ತಮ್ಮ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಜೆಸಿಬಿ ತರಿಸಿ ಬೊಡ್ಡೆ ಕೀಳಿಸಿದ.

ಬೊಡ್ಡೆ ಕೀಳಿಸುವ ದಿನ ನಾನೂ ಹೋಗಿದ್ದೆ. ಜೆಸಿಬಿಯ ಹಲ್ಲು ಕಚ್ಚಿ ಎಳೆದಾಗ ಬುಡದ ಗಂಟು ಮೇಲೆ ಬರುತ್ತಿತ್ತು, ದಪ್ಪ ಬೇರುಗಳು ಮಾತ್ರ ತುಂಡಾಗಿ ಒಳಗೇ ಉಳಿಯುತ್ತಿದ್ದವು. ಗುಂಡಿಯ ಬದಿಯ ಮಣ್ಣನ್ನು ಹಿಡಿದು ನೋಡಿದೆ. ಮಳೆ ಬಿದ್ದು ವಾರವಾಗಿರಲಿಲ್ಲ, ಎರಡಡಿ ಕೆಳಗೆ ಹಿಟ್ಟಿನ ಹಾಗೆ ಒಣಗಿತ್ತು. ಕಿತ್ತ ಬೊಡ್ಡೆಗಳೂ ವ್ಯರ್ಥವಾಗಲಿಲ್ಲ, ಇಟ್ಟಿಗೆ ಗೂಡಿನವರು ಟ್ರ್ಯಾಕ್ಟರಿನಲ್ಲಿ ಒಯ್ದರು. ಕೀಳಿಸಿದ ಖರ್ಚಿನ ಒಂದು ಪಾಲು ಅದರಿಂದಲೇ ಹುಟ್ಟಿತು. ಮೊದಲ ವರ್ಷ ಬಿತ್ತಿದ ರಾಗಿ ಮೊಣಕಾಲುದ್ದಕ್ಕೆ ನಿಂತಿತು. ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು ಹೊಡೆದ ಮೇಲೆ ಹೊಲ ತಿರುಗಿಕೊಳ್ಳುತ್ತಿದೆ. ಒಂದು ಭಾಗಕ್ಕೆ ಈಗ ಅವನು ಟೊಮ್ಯಾಟೊ ಹಾಕುತ್ತಾನೆ, ಡ್ರಿಪ್ಪಿನಲ್ಲಿ.

ಟೊಮ್ಯಾಟೊ ಗಿಡಕ್ಕೆ ಆಸರೆ ಕಡ್ಡಿ ಬೇಕು. ಕೋಲಾರದ ಮಾರುಕಟ್ಟೆ ಟೊಮ್ಯಾಟೊಗೆ ದೇಶದಲ್ಲೇ ಹೆಸರಾದದ್ದು, ಸೀಸನ್ನಿನಲ್ಲಿ ಲಾರಿಗಳು ಉತ್ತರ ಭಾರತದವರೆಗೂ ಹೋಗುತ್ತವೆ. ಆ ಬೆಳೆಯೆಲ್ಲ ನಿಂತಿರುವುದು ಕಡ್ಡಿಯ ಮೇಲೆ, ಮತ್ತು ಆ ಕಡ್ಡಿ ನೀಲಗಿರಿಯದು. ಹಗುರ, ನೇರ, ಎರಡು ಮೂರು ಬೆಳೆಗೆ ತಡೆಯುತ್ತದೆ. ಎಕರೆಗೆ ಸಾವಿರಗಟ್ಟಲೆ ಬೇಕು. ಬಿದಿರು ಹುಡುಕಿದರೆ ಬೆಲೆ ಎಟುಕುವುದಿಲ್ಲ. ಹೀರೆ, ಹಾಗಲದ ಚಪ್ಪರಕ್ಕೂ ಇದೇ ಗಳ. ತೋಪುಗಳು ಹೋದಂತೆ ಕಡ್ಡಿಯ ರೇಟು ಏರಿದೆ, ಆಂಧ್ರದ ಕಡೆಯಿಂದ ಲೋಡು ತರಿಸುವವರಿದ್ದಾರೆ.

ನಮ್ಮ ಹೊಲದ ಮೇಲ್ತುದಿಯಲ್ಲಿ ಒಂದು ಮೊರಡಿ ಇದೆ. ಅರ್ಧ ಎಕರೆಯಷ್ಟು ಗರಸು ನೆಲ, ಒಂದೂವರೆ ಅಡಿಗೆ ಬಂಡೆ ಸಿಗುತ್ತದೆ. ಅಲ್ಲಿನ ಹಳೆಯ ಬೊಡ್ಡೆಗಳನ್ನು ತಮ್ಮ ಕೀಳಿಸಲಿಲ್ಲ. "ಅಕ್ಕಾ, ಇದ್ನ ಬಿಟ್ಕೊಂಡಿದೀನಿ. ವರ್ಷಕ್ಕೆ ಸ್ವಲ್ಪ ಸವರ್ಕೊಂಡ್ರೆ ನಮ್ ಕಡ್ಡಿ ನಮಗಾಗ್ತದೆ. ನೀನೇನಂತೀಯ?" ಎಂದು ಹೋದ ತಿಂಗಳು ಕೇಳಿದ. ಆ ತೆಳು ಮಣ್ಣಿನಲ್ಲಿ ಬೇರು ಇಳಿಯಲು ಆಳವಿಲ್ಲ, ಹೀರಲು ಕೂಡಿಟ್ಟ ತೇವವಿಲ್ಲ. ಬೇರೆ ಮರ ಇದ್ದಿದ್ದರೂ ಆ ಮೊರಡಿಯ ಮಳೆಯನ್ನು ಇಷ್ಟೇ ಕುಡಿಯುತ್ತಿತ್ತು. ಕೆಳಗಿನ ಆಳ ಮಣ್ಣಿಗೆ ಮಾತ್ರ ಮತ್ತೆಂದೂ ತರಬೇಡ, ಇಲ್ಲಿರುವುದು ಇರಲಿ ಎಂದೆ. ಉದುರಿದ ತರಗನ್ನು ಯಾರೂ ಗುಡಿಸದಂತೆ ನೋಡಿಕೊ ಎಂದೂ ಹೇಳಿದೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ, ಯಾರು ಗುಡಿಸುತ್ತಾರೆ ಎಂದು ಅವನು ಕೇಳಿದ. ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ಬರುವವರು ಇನ್ನೂ ಇದ್ದಾರೆ ಎಂದೆ. ಅವರು ಬಂದರೆ ತೊಗಟೆ, ರೆಂಬೆ, ಕಡ್ಡಿ ಸವರಿದಾಗ ಮಿಕ್ಕ ತುದಿ ಎಲ್ಲವನ್ನೂ ಒಯ್ಯಲು ಹೇಳೋಣ, ತರಗನ್ನು ಮಾತ್ರ ನೆಲಕ್ಕೆ ಬಿಡೋಣ ಎಂದು ಒಪ್ಪಿಕೊಂಡೆವು.